ಸಂಪಾದಕರ ಉತ್ತರ: ಅಪೊಸ್ತಲರು ಸಾವನ್ನು ಹುಡುಕಿಕೊಂಡು ಹೋದವರಲ್ಲ

ಪ್ರೀತಿಯ ಸಹೋದರಿ,

ಯೋಹಾನನೊಬ್ಬನನ್ನು ಬಿಟ್ಟು ಅಪೊಸ್ತಲರೆಲ್ಲರೂ, ಅಂದರೆ ಯೇಸು ಆರಿಸಿಕೊಂಡ ಹನ್ನೆರಡು ಮಂದಿ ಶಿಷ್ಯರು, ಹುತಾತ್ಮರಾದರು ಎಂದು ನೀವು ಸಂಡೇಸ್ಕೂಲಿನಲ್ಲಿ ಕಲಿಸುವಾಗ, ಒಬ್ಬ ಹುಡುಗ ಎದ್ದು "ಇದು ಬೈಬಲಿನಲ್ಲಿ ಎಲ್ಲಿದೆ ಟೀಚರ್?" ಎಂದು ಕೇಳಿದನಂತೆ. ಏನು ಹೇಳಲಿ ಎಂದು ನಮಗೆ ಬರೆದಿದ್ದೀರಿ. ಆ ಹುಡುಗನನ್ನು ಸುಮ್ಮನಿರಿಸಬೇಡಿ. ಇದ್ದದ್ದನ್ನು ಇದ್ದ ಹಾಗೇ ಹೇಳಿ.

ಹನ್ನೆರಡು ಮಂದಿಯಲ್ಲಿ ಹುತಾತ್ಮನಾಗಿ ಸತ್ತನೆಂದು ಬೈಬಲ್ ನೇರವಾಗಿ ಹೇಳುವುದು ಒಬ್ಬನ ಬಗ್ಗೆ ಮಾತ್ರ. ಅವನು ಜೆಬೆದಾಯನ ಮಗ ಯಾಕೋಬ. ಪೇತ್ರನ ಸಾವಿನ ಸುಳಿವು ಯೋಹಾನನ ಸುವಾರ್ತೆಯ ಕೊನೆಯ ಅಧ್ಯಾಯದಲ್ಲಿದೆ. ಸುಮಾರು ಕ್ರಿ.ಶ. 96ರಲ್ಲಿ ರೋಮಿನ ಕ್ರೈಸ್ತ ಸಭೆ ಕೊರಿಂಥದವರಿಗೆ ಬರೆದ ಪತ್ರವೂ ಪೇತ್ರ ಮತ್ತು ಆಮೇಲೆ ಅಪೊಸ್ತಲನಾದ ಪೌಲ ಪಟ್ಟ ಹಿಂಸೆಯನ್ನು ನೆನೆಯುತ್ತದೆ. ಅಂದ್ರೆಯನ ಓರೆ ಶಿಲುಬೆ, ಬಾರ್ತೊಲೊಮಾಯನ ಚರ್ಮ ಸುಲಿದದ್ದು, ಇವೆಲ್ಲ ಆಮೇಲಿನ ಕಾಲದ ಪರಂಪರೆಯಿಂದ ಬಂದವು. ತೋಮನು 52ರಲ್ಲಿ ಕೇರಳಕ್ಕೆ ಬಂದು, ಚೆನ್ನೈನ ಮೈಲಾಪುರದ ಹತ್ತಿರ ಪ್ರಾಣ ಕೊಟ್ಟನೆಂದು ಕೇರಳದ ಮಾರ್ತೋಮ ಕ್ರೈಸ್ತರು ತಲೆಮಾರುಗಳಿಂದ ನಂಬಿಕೊಂಡು ಬಂದಿದ್ದಾರೆ. ಇದನ್ನೆಲ್ಲ ಮಕ್ಕಳಿಗೆ ಧಾರಾಳವಾಗಿ ಹೇಳಿ. ಆದರೆ ಪರಂಪರೆ ಎಂದೇ ಹೇಳಿ.

ಹಾಗಾದರೆ ಅವರ ತ್ಯಾಗ ಕಡಿಮೆಯಾಯಿತೇ? ಖಂಡಿತ ಇಲ್ಲ. ಸಾವಿನ ಕಥೆಗಳ ಮೇಲೇ ಕಣ್ಣಿಟ್ಟು ನಾವು ಅವರು ಬದುಕಿದ ರೀತಿಯನ್ನು ಮರೆಯುತ್ತಿದ್ದೇವೆ ಎಂಬುದೇ ನನ್ನ ಚಿಂತೆ. ಯೇಸುವನ್ನು ಹಿಡಿದ ರಾತ್ರಿ ಶಿಷ್ಯರೆಲ್ಲ ಓಡಿಹೋದರು. ಪೇತ್ರ ಒಬ್ಬ ದಾಸಿಯ ಮಾತಿಗೇ ಹೆದರಿ, ಅವನು ಯಾರೋ ಗೊತ್ತಿಲ್ಲ ಎಂದ. ಎರಡು ತಿಂಗಳೂ ಕಳೆದಿರಲಿಲ್ಲ, ಪಂಚಾಶತ್ತಮ ಹಬ್ಬದ ದಿನ ಅದೇ ಪೇತ್ರ ಅದೇ ಯೆರೂಸಲೇಮಿನಲ್ಲಿ ಜನರ ಮುಂದೆ ನಿಂತು, ನೀವು ಕೊಲ್ಲಿಸಿದವನನ್ನು ದೇವರು ಎಬ್ಬಿಸಿದ್ದಾನೆ ಎಂದು ಸಾರಿದ. ಗಲಿಲಾಯಕ್ಕೆ ಹೋಗಿ ಮೀನು ಹಿಡಿದುಕೊಂಡು ಇದ್ದುಬಿಡಬಹುದಿತ್ತು, ಅಲ್ವಾ? ಆಮೇಲೆ ಯೆಹೂದ್ಯರ ಉನ್ನತ ನ್ಯಾಯಸಭೆಯಾದ ಹಿರೀಸಭೆಯವರು ಅಪೊಸ್ತಲರನ್ನು ಹೊಡಿಸಿದರು, ಯೇಸುವಿನ ಹೆಸರೆತ್ತಬೇಡಿ ಎಂದು ಗದರಿಸಿದರು. ಇವರು ನಿಲ್ಲಿಸಲಿಲ್ಲ.

ಪೌಲನನ್ನು ನೋಡಿ. ಐದು ಸಲ ಮೂವತ್ತೊಂಬತ್ತು ಏಟು, ಮೂರು ಸಲ ಕೋಲಿನ ಹೊಡೆತ, ಒಮ್ಮೆ ಕಲ್ಲೆಸೆತ, ಮೂರು ಸಲ ಹಡಗು ಒಡೆದದ್ದು. ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ ಅವನೇ ಇದನ್ನು ಹೇಳಿಕೊಂಡಿದ್ದಾನೆ. ಈ ಪಟ್ಟಿಯ ಕೊನೆಗೆ ಇನ್ನೊಂದು ಕಷ್ಟ ಸೇರಿಸುತ್ತಾನೆ: ಎಲ್ಲ ಸಭೆಗಳ ಬಗ್ಗೆ ದಿನದಿನದ ಚಿಂತೆ. ಏಟು ತಿಂದ ಮೈಯಲ್ಲೇ ಗುಡಾರ ಹೊಲಿದು ಹೊಟ್ಟೆ ಹೊರೆದುಕೊಳ್ಳುತ್ತಿದ್ದ. ನನ್ನನ್ನು ಜಾಸ್ತಿ ಕಾಡುವುದು ಈ ಭಾಗವೇ. ಕತ್ತಿಯ ಏಟು ಒಂದು ಗಳಿಗೆಯದು. ಇದು ವರ್ಷಗಟ್ಟಲೆ ನಡೆದದ್ದು.

ಇವರು ಸಾವನ್ನು ಹುಡುಕಿಕೊಂಡು ಹೋದವರೂ ಅಲ್ಲ. ದಮಸ್ಕದಲ್ಲಿ ಕೊಲ್ಲಲು ಹೊಂಚು ಹಾಕಿದಾಗ ಪೌಲ ಬುಟ್ಟಿಯಲ್ಲಿ ಕೂತು ಊರಗೋಡೆಯಿಂದ ಕೆಳಗಿಳಿದು ತಪ್ಪಿಸಿಕೊಂಡ. ಅದರಲ್ಲಿ ನಾಚಿಕೆಯೇನೂ ಇಲ್ಲ ಎಂದು ಮಕ್ಕಳಿಗೆ ತಿಳಿಯಬೇಕು.

ಮುಂದಿನ ಭಾನುವಾರ 'ಅಪೊಸ್ತಲರ ಕೃತ್ಯಗಳು' ಹನ್ನೆರಡನೆಯ ಅಧ್ಯಾಯ ಓದಿಸಿ. 41ರಿಂದ 44ರವರೆಗೆ ಯೂದಾಯವನ್ನು ಆಳಿದ ಹೆರೋದ ಅಗ್ರಿಪ್ಪನು ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸುತ್ತಾನೆ. ಅದಕ್ಕೆ ಸಿಕ್ಕಿರುವುದು ಒಂದೇ ವಚನ. ಪೇತ್ರನೂ ಸೆರೆಯಾಗುತ್ತಾನೆ, ಆದರೆ ಹೆರೋದ ಅವನನ್ನು ಜನರ ಮುಂದೆ ತರಿಸಬೇಕೆಂದಿದ್ದ ದಿನದ ಹಿಂದಿನ ರಾತ್ರಿ ಬಿಡುಗಡೆಯಾಗಿ ಮಾರ್ಕನ ತಾಯಿ ಮರಿಯಳ ಮನೆ ಬಾಗಿಲು ತಟ್ಟುತ್ತಾನೆ. ರೋದೆ ಎಂಬ ಹುಡುಗಿ ಸಂತೋಷದಲ್ಲಿ ಬಾಗಿಲು ತೆಗೆಯುವುದನ್ನೇ ಮರೆತು ಒಳಗೆ ಓಡುತ್ತಾಳೆ. ಮಕ್ಕಳು ಇಲ್ಲಿ ನಗುತ್ತಾರೆ, ನಗಲಿ.

ಯಾಕೋಬ, ಪೇತ್ರ ಇಬ್ಬರೂ ಒಂದೇ ಕೆರೆಯಲ್ಲಿ ಬಲೆ ಬೀಸಿದವರು, ಒಂದೇ ಗುರುವಿನ ಹಿಂದೆ ಹೋದವರು. ಒಬ್ಬ ಸತ್ತ, ಒಬ್ಬ ಉಳಿದ. ಯಾಕೆ ಎಂದು ಈ ಪುಸ್ತಕ ಬರೆದ ಲೂಕ ಹೇಳಿಲ್ಲ. ನಿಮ್ಮ ಹುಡುಗ ಅದನ್ನೂ ಕೇಳಬಹುದು. ಕೇಳಿದರೆ, ಪೇತ್ರ ಉಳಿದದ್ದು ಅವನ ನಂಬಿಕೆ ಯಾಕೋಬನದಕ್ಕಿಂತ ದೊಡ್ಡದಿತ್ತು ಎಂಬ ಕಾರಣಕ್ಕಲ್ಲ, ಅಷ್ಟನ್ನು ಮಾತ್ರ ಅವನಿಗೆ ಖಚಿತವಾಗಿ ಹೇಳಿ.

- ಸಂ.