ಓದುಗರ ಪ್ರಶ್ನೆ: ಕ್ಲಾರಿಸ್‌ಗೆ ಹೊಲಿಗೆ ಗೊತ್ತಿತ್ತು

ಈ ಸಲ ಬಂದ ಪತ್ರಗಳೆಲ್ಲ ಹೆಚ್ಚುಕಡಿಮೆ ಒಂದೇ ಸಿನಿಮಾದ ಬಗ್ಗೆ ಇವೆ: ‘ದಿ ಸೈಲೆನ್ಸ್ ಆಫ್ ದಿ ಲ್ಯಾಂಬ್ಸ್’. ಥಾಮಸ್ ಹ್ಯಾರಿಸ್ 1988ರಲ್ಲಿ ಬರೆದ ಕಾದಂಬರಿಯನ್ನು ಜೊನಾಥನ್ ಡೆಮಿ 1991ರಲ್ಲಿ ತೆರೆಗೆ ತಂದರು. ಕ್ಲಾರಿಸ್ ಸ್ಟಾರ್ಲಿಂಗ್ ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐನ ಅಕಾಡೆಮಿಯಲ್ಲಿ ಇನ್ನೂ ಓದುತ್ತಿರುವ ಹುಡುಗಿ. ಹೆಣ್ಣುಮಕ್ಕಳನ್ನು ಕೊಂದು ಚರ್ಮ ಸುಲಿಯುವ ಒಬ್ಬ ಹಂತಕ ಹೊರಗಿದ್ದಾನೆ. ಅವನ ಸುಳಿವು ಸಿಗಬಹುದು ಅಂತ, ಸೆರೆಯಲ್ಲಿರುವ ಇನ್ನೊಬ್ಬ ಹಂತಕ, ಮನೋವೈದ್ಯ ಹ್ಯಾನಿಬಲ್ ಲೆಕ್ಟರ್ ಹತ್ತಿರ ಇವಳನ್ನು ಕಳಿಸುತ್ತಾರೆ. ಇಷ್ಟು ಗೊತ್ತಿದ್ದರೆ ಮುಂದಿನದನ್ನು ಓದಬಹುದು. ಸಿನಿಮಾ ನೋಡದವರು ಮೊದಲ ಉತ್ತರವನ್ನು ಸದ್ಯಕ್ಕೆ ಬಿಟ್ಟುಬಿಡಿ, ಕೊನೆಯ ಗುಟ್ಟು ಅಲ್ಲಿದೆ.

ಪ್ರಶ್ನೆ: ನಾನು ಮನಃಶಾಸ್ತ್ರದ ವಿದ್ಯಾರ್ಥಿನಿ. ಇಡೀ ಎಫ್‌ಬಿಐ ಒಂದು ಕಡೆ ಹುಡುಕುತ್ತಿದ್ದರೆ ಒಬ್ಬ ವಿದ್ಯಾರ್ಥಿನಿ ಒಬ್ಬಳೇ ಹೋಗಿ ಹಂತಕನ ಬಾಗಿಲು ತಟ್ಟುತ್ತಾಳೆ. ಇದು ಬರೀ ಅದೃಷ್ಟ ಅಂತ ನನ್ನ ಗೆಳತಿಯರು ವಾದಿಸುತ್ತಾರೆ. ನೀವೇನು ಹೇಳುತ್ತೀರಿ? (ಓದುಗರೊಬ್ಬರು, ಧಾರವಾಡ)

ಅದೃಷ್ಟ ಅಲ್ಲವೇ ಅಲ್ಲ. ನಿಮ್ಮ ಗೆಳತಿಯರನ್ನು ಕೂರಿಸಿಕೊಂಡು ಇನ್ನೊಂದು ಸಲ ನೋಡಿ. ವೆಸ್ಟ್ ವರ್ಜೀನಿಯಾದಲ್ಲಿ ಹೆಣ ಪರೀಕ್ಷೆ ಮಾಡುವ ದೃಶ್ಯ ಬಂದಾಗ ನಿಧಾನ ಮಾಡಿ. ಕೋಣೆ ತುಂಬ ಗಂಡಸರು. ಇವಳು ಮೆತ್ತಗಿನ ದನಿಯಲ್ಲಿ, ಆದರೆ ಅಳುಕದೆ, ಅವರನ್ನೆಲ್ಲ ಹೊರಗೆ ಕಳಿಸುತ್ತಾಳೆ. ಆಮೇಲೆ ಸತ್ತ ಹುಡುಗಿಯನ್ನು ನೋಡುತ್ತಾಳೆ. ಒಂದೊಂದು ಕಿವಿಗೂ ಮೂರು ಮೂರು ತೂತು, ಉಗುರಿಗೆ ಮಿನುಗುವ ಬಣ್ಣ. ಸತ್ತವಳು ಪಟ್ಟಣದ ಹುಡುಗಿ ಇರಬೇಕು ಅನ್ನುತ್ತಾಳೆ. ಉಳಿದವರಿಗೆ ಅದು ನದಿಯಲ್ಲಿ ಸಿಕ್ಕ ಒಂದು ಹೆಣ. ಕ್ಲಾರಿಸ್‌ಗೆ ಮಾತ್ರ ಅಲ್ಲಿ ಕನ್ನಡಿ ಮುಂದೆ ನಿಂತು ಅಲಂಕಾರ ಮಾಡಿಕೊಂಡಿದ್ದ ಒಬ್ಬ ಹುಡುಗಿ ಕಾಣುತ್ತಾಳೆ. ಆ ಹುಡುಗಿಯ ಬೆನ್ನಿನಿಂದ ಡೈಮಂಡ್ ಆಕಾರದ ಎರಡು ತುಂಡು ಚರ್ಮ ಕತ್ತರಿಸಿರುತ್ತಾರೆ. ಯಾಕೆ ಅಂತ ಯಾರಿಗೂ ಹೊಳೆಯುವುದಿಲ್ಲ.

ಮುಂದೆ ರೂಮ್‌ಮೇಟ್ ಜೊತೆ ಕೂತು ಕಾಗದ ಹರಡಿಕೊಂಡು ತಲೆ ಓಡಿಸುತ್ತಾಳೆ. ಮನುಷ್ಯ ಆಸೆಪಡುವುದು ದಿನಾ ಕಣ್ಣಿಗೆ ಬೀಳುವ ವಸ್ತುವಿಗೆ ಅನ್ನುವ ಅರ್ಥದ ಮಾತನ್ನು ಲೆಕ್ಟರ್ ಹೇಳಿರುತ್ತಾನೆ. ಹಾಗಾದರೆ ಮೊದಲು ಸತ್ತವಳು ಹಂತಕನಿಗೆ ಗೊತ್ತಿದ್ದವಳೇ. ಭಾರ ಕಟ್ಟಿ ಮುಳುಗಿಸಿದ್ದು ಆ ಒಂದು ಹೆಣವನ್ನು ಮಾತ್ರ, ಅದಕ್ಕೇ ಅದು ತಡವಾಗಿ ಸಿಕ್ಕಿದ್ದು. ಅವಳ ಊರು ಒಹಾಯೊದ ಬೆಲ್ವೆಡೀರ್. ಕ್ಲಾರಿಸ್ ಅಲ್ಲಿಗೆ ಹೋಗುತ್ತಾಳೆ.

ಈಗ ನನಗೆ ತುಂಬ ಇಷ್ಟವಾದ ಜಾಗ. ಸತ್ತ ಹುಡುಗಿಯ ಕೋಣೆಯಲ್ಲಿ ಬಟ್ಟೆಯ ಬೀರು ತೆಗೆದರೆ ಹೊಲಿಗೆಯ ಕೆಲಸ ಕಾಣುತ್ತದೆ. ಒಂದು ಡ್ರೆಸ್‌ನ ಹಿಂಭಾಗದಲ್ಲಿ ಅದೇ ಡೈಮಂಡ್ ಆಕಾರ! ಹೊಲಿಗೆ ಬಲ್ಲವರು ಯಾರಾದರೂ ಅದನ್ನು ಗುರುತಿಸುತ್ತಾರೆ. ನಾನು ಮದುವೆಗೆ ಮುಂಚೆ ಹೊಲಿಗೆ ಕ್ಲಾಸಿಗೆ ಹೋದವಳು. ಅಲ್ಲಿ ಟೀಚರ್ ಮೊದಲು ಪೇಪರ್ ಕಟಿಂಗ್ ಮಾಡಿಸುತ್ತಿದ್ದರು, ಆಮೇಲೆ ಡಾಟ್ಸ್, ಅಂದರೆ ಬಟ್ಟೆಯನ್ನು ಮಡಿಸಿ ಹಿಡಿಯುವ ಜಾಗ, ಗುರುತು ಹಾಕಿಸುತ್ತಿದ್ದರು. ಬಟ್ಟೆ ಮೈಗೆ ಸರಿಯಾಗಿ ಕೂರಬೇಕಾದರೆ ಎಲ್ಲಿ ಹಿಡಿಯಬೇಕು, ಎಲ್ಲಿ ಬಿಡಬೇಕು ಅನ್ನುವುದು ಬೆರಳಿಗೇ ಗೊತ್ತಾಗಿಬಿಡುತ್ತದೆ. ಆ ಬೀರು ತೆರೆದ ಕ್ಷಣ ಕ್ಲಾರಿಸ್‌ಗೆ ಅರ್ಥವಾಗುವುದು ಇದೇ: ಇವನು ಟೈಲರ್, ಹೆಂಗಸರ ಚರ್ಮದಿಂದ ತನಗೊಂದು ಉಡುಪು ಹೊಲಿಯುತ್ತಿದ್ದಾನೆ.

ಅದೇ ಹೊತ್ತಿಗೆ ಅವಳ ಮೇಲಧಿಕಾರಿ ಕ್ರಾಫರ್ಡ್ ಕಡತದಲ್ಲಿ ಸಿಕ್ಕ ಒಂದು ವಿಳಾಸ ಹಿಡಿದು, ಬಂದೂಕುಧಾರಿಗಳ ಜೊತೆ ಇಲಿನಾಯ್‌ನಲ್ಲಿ ಖಾಲಿ ಮನೆಗೆ ನುಗ್ಗುತ್ತಿರುತ್ತಾನೆ. ಕಡತ ಓದುವುದು ಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ ಸತ್ತವಳ ಬಟ್ಟೆ ಮುಟ್ಟಿ ನೋಡಿದವಳು ಇವಳೊಬ್ಬಳೇ. ಅಂತಹ ತಿಳಿವಳಿಕೆಯನ್ನು ಕಸುಬು ಅಂತ ಯಾರೂ ಲೆಕ್ಕಕ್ಕೇ ಇಡುವುದಿಲ್ಲ, ಅಲ್ವಾ?

ಪ್ರಶ್ನೆ: ರಕ್ತ, ಹೊಡೆದಾಟ ಜಾಸ್ತಿ ಇಲ್ಲ. ಆದರೂ ಮೈ ಜುಂ ಅನ್ನುತ್ತದೆ. ಯಾಕೆ? (ಓದುಗರೊಬ್ಬರು, ಹಾಸನ)

ಕಣ್ಣುಗಳಿಂದ. ಕ್ಲಾರಿಸ್ ಜೊತೆ ಮಾತಾಡುವವರನ್ನು ಗಮನಿಸಿ. ಲೆಕ್ಟರ್, ಅವಳ ಮೇಲಧಿಕಾರಿ ಕ್ರಾಫರ್ಡ್, ಲೆಕ್ಟರ್‌ನನ್ನು ಇಟ್ಟಿರುವ ಆಸ್ಪತ್ರೆಯ ಮುಖ್ಯಸ್ಥ, ಎಲ್ಲರೂ ಎಷ್ಟೋ ಸಲ ನೇರವಾಗಿ ಕ್ಯಾಮೆರಾವನ್ನೇ ನೋಡುತ್ತಾರೆ. ಅಂದರೆ ನಮ್ಮನ್ನೇ ನೋಡುತ್ತಾರೆ. ಕ್ಲಾರಿಸ್ ಮಾತಾಡುವಾಗ ಮಾತ್ರ ಅವಳ ದೃಷ್ಟಿ ಸ್ವಲ್ಪ ಪಕ್ಕಕ್ಕಿರುತ್ತದೆ. ಹೀಗೆ ಡೆಮಿ ಮತ್ತು ಛಾಯಾಗ್ರಾಹಕ ಟಾಕ್ ಫುಜಿಮೊಟೊ ನಮ್ಮನ್ನು ಅವಳ ಕುರ್ಚಿಯಲ್ಲೇ ಕೂರಿಸಿಬಿಡುತ್ತಾರೆ. ಶುರುವಿನಲ್ಲೇ ಲಿಫ್ಟ್ ದೃಶ್ಯ ಇದೆ. ಕೆಂಪು ಶರ್ಟ್ ಹಾಕಿದ ಎತ್ತರದ ಗಂಡಸರ ನಡುವೆ ಅವಳೊಬ್ಬಳು ಗಿಡ್ಡಗೆ ನಿಂತಿರುತ್ತಾಳೆ. ಅವರು ಏನೂ ಮಾಡುವುದಿಲ್ಲ. ಸುಮ್ನೆ ನಿಂತಿರುತ್ತಾರೆ ಅಷ್ಟೆ. ಬಸ್ಸಿನಲ್ಲಿ, ಆಫೀಸಿನಲ್ಲಿ ಹಾಗೆ ನಿಂತು ಅಭ್ಯಾಸ ಇರುವ ಹೆಣ್ಣುಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಲೆಕ್ಟರ್ ಆಗಿರುವ ಆಂಟನಿ ಹಾಪ್ಕಿನ್ಸ್ ಸುಮಾರು ಎರಡು ಗಂಟೆಯ ಚಿತ್ರದಲ್ಲಿ ಅರ್ಧ ಗಂಟೆಯೂ ಕಾಣಿಸುವುದಿಲ್ಲ. ಆದರೂ ಅವರಿಗೆ ಆಸ್ಕರ್ ಬಂತು. ಕ್ಲಾರಿಸ್ ಪಾತ್ರದ ಜೋಡಿ ಫಾಸ್ಟರ್‌ಗೂ ಬಂತು. ಜೊತೆಗೆ ಅತ್ಯುತ್ತಮ ಚಿತ್ರ, ನಿರ್ದೇಶನ, ಚಿತ್ರಕಥೆ. ಈ ಐದೂ ಒಂದೇ ಚಿತ್ರಕ್ಕೆ ಸಿಕ್ಕಿದ್ದು ಆಸ್ಕರ್ ಚರಿತ್ರೆಯಲ್ಲಿ ಅದು ಮೂರನೇ ಸಲ.

ಪ್ರಶ್ನೆ: ಒಬ್ಬ ಹಂತಕನನ್ನು ಹಿಡಿಯಲು ಇನ್ನೊಬ್ಬ ಹಂತಕನ ಸಲಹೆ ಕೇಳುವುದು ನಿಜವಾಗಿ ನಡೆದಿದೆಯಾ? (ಓದುಗರೊಬ್ಬರು, ತುಮಕೂರು)

ನಡೆದಿದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 1982ರಿಂದ ಗ್ರೀನ್ ನದಿಯ ಸುತ್ತಮುತ್ತ ಹೆಂಗಸರ ಹೆಣಗಳು ಸಿಗತೊಡಗಿದವು. 1984ರಲ್ಲಿ ಟೆಡ್ ಬಂಡಿ ತಾನು ಸಹಾಯ ಮಾಡುತ್ತೇನೆ ಅಂತ ಪತ್ರ ಬರೆದ. ಅವನೇ ಹಲವು ಹೆಂಗಸರನ್ನು ಕೊಂದು ಫ್ಲೋರಿಡಾದಲ್ಲಿ ಮರಣದಂಡನೆಗೆ ಕಾಯುತ್ತಿದ್ದವನು. ಪತ್ತೇದಾರ ರಾಬರ್ಟ್ ಕೆಪೆಲ್ ಅವನನ್ನು ಕಂಡು ಮಾತಾಡಿದರು. ಬಂಡಿಯ ಹಳೆಯ ಕೊಲೆಗಳ ತನಿಖೆ ಮಾಡಿದ್ದವರೂ ಇದೇ ಕೆಪೆಲ್. ಹಂತಕ ಹೆಣ ಬಿಟ್ಟ ಜಾಗಕ್ಕೆ ವಾಪಸ್ ಬರುತ್ತಾನೆ, ಹೊಸ ಹೆಣ ಸಿಕ್ಕರೆ ಸದ್ದು ಮಾಡದೆ ಕಾದು ಕೂರಿ ಅಂದ ಬಂಡಿ.

ಹಂತಕ ಸಿಕ್ಕಿದ್ದು ಮಾತ್ರ ಬೇರೆ ದಾರಿಯಲ್ಲಿ. ಗ್ಯಾರಿ ರಿಡ್ಜ್‌ವೇ ಅನ್ನುವವನ ಎಂಜಲಿನ ಮಾದರಿಯನ್ನು ಪೊಲೀಸರು 1987ರಲ್ಲೇ ತೆಗೆದಿಟ್ಟಿದ್ದರು. ಡಿಎನ್‌ಎ ಪರೀಕ್ಷೆಯ ತಂತ್ರ ಸುಧಾರಿಸಿದ ಮೇಲೆ, 2001ರಲ್ಲಿ ಅದು ತಾಳೆಯಾಯಿತು. ಆ ವೇಳೆಗೆ ಬಂಡಿಯ ಮರಣದಂಡನೆಯಾಗಿ ಹನ್ನೆರಡು ವರ್ಷ ಆಗಿತ್ತು. 2003ರಲ್ಲಿ ರಿಡ್ಜ್‌ವೇ 48 ಕೊಲೆ ಒಪ್ಪಿಕೊಂಡ. ಹಾಗಾಗಿ ಲೆಕ್ಟರ್‌ನಂತಹವನ ಜಾಣತನಕ್ಕೆ ಮರುಳಾಗುವ ಹುಡುಗರಿಗೆ ನಾನು ಹೇಳುವುದು, ಆ ಮಾದರಿಯನ್ನು ಅಷ್ಟು ವರ್ಷ ಜೋಪಾನವಾಗಿ ಇಟ್ಟವರ ಬಗ್ಗೆಯೂ ಓದಿ.

ಇನ್ನೊಂದು ಮಾತು. ಬಂಡಿ ಕೈಗೆ ಸುಳ್ಳು ಪಟ್ಟಿ ಕಟ್ಟಿಕೊಂಡು, ಸಾಮಾನು ಎತ್ತಲು ಸಹಾಯ ಮಾಡಿ ಅಂತ ಹುಡುಗಿಯರನ್ನು ಕರೆಯುತ್ತಿದ್ದ. ಸಿನಿಮಾದಲ್ಲಿ ಹಂತಕ ಸೋಫಾವನ್ನು ವ್ಯಾನಿಗೆ ಏರಿಸುವ ದೃಶ್ಯದ ಮೂಲ ಅದು.

ಪ್ರಶ್ನೆ: ಹೆಣ್ಣಾಗಲು ಬಯಸುವವನನ್ನೇ ಕೊಲೆಗಾರ ಮಾಡಿದ್ದು ಸರಿಯಾ? (ಓದುಗರೊಬ್ಬರು, ಬೆಂಗಳೂರು)

ಇದು ನನ್ನನ್ನೂ ಕಾಡುತ್ತದೆ. ಟ್ರಾನ್ಸ್‌ಜೆಂಡರ್ ಜನರಿಗೂ ಹಿಂಸೆಗೂ ಸಂಬಂಧ ಇಲ್ಲ ಅಂತ ಕ್ಲಾರಿಸ್ ಬಾಯಲ್ಲೇ ಹೇಳಿಸಿದ್ದಾರೆ, ನಿಜ. ಹಂತಕ ನಿಜವಾಗಿ ಅಂಥವನಲ್ಲ ಅಂತ ಲೆಕ್ಟರ್ ಕೂಡ ಹೇಳುತ್ತಾನೆ. ಆದರೆ ಆ ಎರಡು ಸಾಲು ಯಾರಿಗೆ ನೆನಪಿರುತ್ತದೆ? ನೆನಪಿನಲ್ಲಿ ಉಳಿಯುವುದು ಕನ್ನಡಿ ಮುಂದೆ ಕುಣಿಯುವ ಆ ಮನುಷ್ಯ. 1992ರ ಆಸ್ಕರ್ ಸಮಾರಂಭದ ಹೊರಗೆ ಪ್ರತಿಭಟನೆ ನಡೆಯಿತು. ಪ್ರತಿಭಟಿಸಿದವರ ನೋವಿಗೆ ಕಾರಣ ಇತ್ತು ಅಂತಲೇ ನಾನು ನಂಬುತ್ತೇನೆ. ಈ ಚಿತ್ರವನ್ನು ನಾನು ಪ್ರೀತಿಸುತ್ತೇನೆ, ಆದರೂ ಈ ಭಾಗವನ್ನು ಸಮರ್ಥಿಸಲಾರೆ.

ಪ್ರಶ್ನೆ: ಸಿನಿಮಾದಲ್ಲಿ ಬರುವ, ಬೆನ್ನ ಮೇಲೆ ತಲೆಬುರುಡೆಯ ಗುರುತು ಇರುವ ಆ ಪತಂಗ ನಿಜವಾಗಿ ಇದೆಯಾ? (ಓದುಗರೊಬ್ಬರು, ಗದಗ)

ಇದೆ. ಸಿನಿಮಾದಲ್ಲಿ ಹೇಳುವ ಹೆಸರು ಅಕೆರೊಂಟಿಯಾ ಸ್ಟಿಕ್ಸ್. ಅದು ಏಷ್ಯಾದ್ದು, ನಮ್ಮಲ್ಲೂ ಇದೆ. ನಿಮ್ಮ ಕಡೆ ಎಳ್ಳು ಬೆಳೆಯುವವರನ್ನು ಕೇಳಿ, ಹಿಂದೆ ಕೊಂಬಿನಂತಹ ಬಾಲ ಇರುವ ದಪ್ಪ ಹುಳು ಎಲೆ ತಿನ್ನುವುದನ್ನು ಅವರು ಕಂಡಿರುತ್ತಾರೆ. ಅದು ಇದರ ಮರಿ. ದೊಡ್ಡದಾದ ಮೇಲೆ ಜೇನುಗೂಡಿಗೆ ನುಗ್ಗಿ ಜೇನು ಕದಿಯುತ್ತದೆ, ಹಿಡಿದರೆ ಕೀಚ್ ಅನ್ನುತ್ತದೆ. ಮನುಷ್ಯರಿಗೆ ಏನೂ ಮಾಡುವುದಿಲ್ಲ. ರಾತ್ರಿ ದೀಪಕ್ಕೆ ಬಂದರೆ ಹೊಡೆಯಬೇಡಿ.