ಅಪಲೇಚಿಯನ್ ಬೆಟ್ಟಗಳ ಆರಂಭಕಾಲದ ಹಳ್ಳಿಗಳಲ್ಲಿ ಜನಜೀವನ ಹೇಗಿತ್ತು?

ಅಮೆರಿಕದ ಪೂರ್ವಭಾಗದ ಈ ಬೆಟ್ಟಸಾಲಿನಲ್ಲಿರುವ, ಟೆನೆಸ್ಸೀ ರಾಜ್ಯದ ಕೇಡ್ಸ್ ಕೋವ್ ಕಣಿವೆಯನ್ನು ಉದಾಹರಣೆಯಾಗಿ ತೆಗೆದುಕೊಂಡು ಉತ್ತರಿಸುತ್ತೇನೆ. ಅಲ್ಲಿಗೆ ಜಾನ್ ಆಲಿವರ್ ಮತ್ತು ಲುಕ್ರೀಷಿಯಾ ದಂಪತಿ ಬಂದು ನೆಲೆಸಿದ್ದು 1818ರಲ್ಲಿ, ಅಂದರೆ ಅಲ್ಲಿನ ಮೂಲನಿವಾಸಿಗಳಾದ ಚೆರೋಕೀ ಜನರು ಒಪ್ಪಂದದ ಮೂಲಕ ಆ ನೆಲವನ್ನು ಬಿಟ್ಟುಕೊಡುವುದಕ್ಕೆ ಒಂದು ವರ್ಷ ಮೊದಲೇ. ಮೊದಲ ಚಳಿಗಾಲದಲ್ಲಿ ಆ ಕುಟುಂಬ ಬದುಕುಳಿದದ್ದು ಚೆರೋಕೀಯರು ಕೊಟ್ಟ ಒಣಗಿಸಿದ ಕುಂಬಳಕಾಯಿಯಿಂದ ಎಂಬ ಮಾತು ಅವರ ವಂಶದಲ್ಲಿ ಉಳಿದುಬಂದಿದೆ.

ಮುಖ್ಯ ಬೆಳೆ ಮೆಕ್ಕೆಜೋಳ. ಅದನ್ನು ಹೊಳೆನೀರಿನಿಂದ ತಿರುಗುವ ಗಿರಣಿಯಲ್ಲಿ ಬೀಸಿಸಿ, ಕೂಲಿಯಾಗಿ ಹಣದ ಬದಲು ಹಿಟ್ಟಿನಲ್ಲೇ ಒಂದು ಪಾಲನ್ನು ಗಿರಣಿಯವನಿಗೆ ಬಿಡುತ್ತಿದ್ದರು. ಹಂದಿಗಳ ಕಿವಿಯಲ್ಲಿ ಗುರುತಿನ ಕಚ್ಚು ಮಾಡಿ ಕಾಡಿಗೆ ಬಿಟ್ಟರೆ, ಅವು ಉದುರಿದ ಚೆಸ್ಟ್‌ನಟ್ ಕಾಯಿಗಳನ್ನು ತಿಂದು ಕೊಬ್ಬುತ್ತಿದ್ದವು; ಚಳಿ ಬಿದ್ದ ಮೇಲೆ ಅವುಗಳನ್ನು ಕೊಯ್ದು, ಮಾಂಸಕ್ಕೆ ಉಪ್ಪು ಹಚ್ಚಿ ಇಡೀ ವರ್ಷಕ್ಕೆ ಕಾಪಿಡುತ್ತಿದ್ದರು.

ಆದರೆ ಈ ಕಣಿವೆ ಹೊರಜಗತ್ತಿನಿಂದ ಪೂರ್ತಿ ದೂರವಿತ್ತೆಂಬ ಜನಪ್ರಿಯ ಕಲ್ಪನೆ ನನ್ನ ದೃಷ್ಟಿಯಲ್ಲಿ ತಪ್ಪು. 1827ರಲ್ಲಿ ಸ್ಥಾಪನೆಯಾದ ಅಲ್ಲಿನ ಬ್ಯಾಪ್ಟಿಸ್ಟ್ ಚರ್ಚು ಅಮೆರಿಕದ ಉತ್ತರ ಮತ್ತು ದಕ್ಷಿಣ ರಾಜ್ಯಗಳ ನಡುವಿನ ಅಂತರ್ಯುದ್ಧದ (1861–65) ಕಾಲದಲ್ಲಿ ಮುಚ್ಚಿಹೋಗಿತ್ತು. ಸದಸ್ಯರು ಒಕ್ಕೂಟದ, ಅಂದರೆ ಉತ್ತರದ ಪರವಾಗಿದ್ದು, ಸುತ್ತ ದಕ್ಷಿಣದ ಬಂಡಾಯಗಾರರ ಬಲ ಹೆಚ್ಚಿದ್ದುದೇ ಇದಕ್ಕೆ ಕಾರಣವೆಂದು ಆ ಚರ್ಚೇ ಬರೆದಿಟ್ಟಿದೆ.

ಕೊನೆಗೆ ಊರನ್ನು ಖಾಲಿ ಮಾಡಿಸಿದ್ದು ಬಡತನವಲ್ಲ, 1934ರಲ್ಲಿ ಸ್ಥಾಪನೆಯಾದ ಗ್ರೇಟ್ ಸ್ಮೋಕಿ ಮೌಂಟನ್ಸ್ ರಾಷ್ಟ್ರೀಯ ಉದ್ಯಾನ. ಮೊದಲ ಆಲಿವರ್‌ನ ಮರಿಮಗ ಜಾನ್ ಡಬ್ಲ್ಯೂ. ಆಲಿವರ್ ವರ್ಷಗಟ್ಟಲೆ ನ್ಯಾಯಾಲಯದಲ್ಲಿ ಹೋರಾಡಿ ಸೋತು, 1937ರ ಕ್ರಿಸ್ಮಸ್ ದಿನ ಕಣಿವೆಯನ್ನು ಬಿಟ್ಟು ಹೊರಟರು.