ಹತ್ತರಿಂದ ಹದಿನಾಲ್ಕರ ಮಕ್ಕಳ ಶಾಲೆ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಆರು, ಏಳು, ಎಂಟನೇ ತರಗತಿಗಳಿಗೆಂದೇ ಬೇರೆ ವಿಭಾಗ ತೆರೆಯಲಿದ್ದೇವೆ. ಒಟ್ಟು 360 ಮಕ್ಕಳು. ಮೊದಲು ಕಟ್ಟಡದ ನಕ್ಷೆ ಮಾಡಿಸಬೇಕೋ, ಪಠ್ಯಕ್ರಮ ಗಟ್ಟಿ ಮಾಡಿಕೊಳ್ಳಬೇಕೋ?

ಉತ್ತರ: ಮೊದಲು ವೇಳಾಪಟ್ಟಿ ಬರೆಯಿರಿ. ಈ ವಯಸ್ಸಿನ ಮಗುವಿಗೆ ಎಲ್ಲಕ್ಕಿಂತ ಹೆಚ್ಚಾಗಿ ಬೇಕಿರುವುದು ತನ್ನನ್ನು ಚೆನ್ನಾಗಿ ಬಲ್ಲ ನಾಲ್ಕಾರು ಹಿರಿಯರು. ಅದು ಸಿಗುವುದೂ ತಪ್ಪುವುದೂ ಶಿಕ್ಷಕರ ಹಂಚಿಕೆಯಲ್ಲಿ.

ನಿಮ್ಮ ಲೆಕ್ಕಕ್ಕೆ ತರಗತಿಗೊಂದರಂತೆ ಮೂರು ತಂಡ ಸಾಕು. ತಂಡಕ್ಕೆ 120 ಮಕ್ಕಳು, 30ರ ನಾಲ್ಕು ಸೆಕ್ಷನ್. ಭಾಷೆ, ಗಣಿತ, ವಿಜ್ಞಾನ, ಸಮಾಜ ಕಲಿಸುವ ನಾಲ್ವರೂ ಆ 120 ಮಕ್ಕಳಿಗೆ ಮಾತ್ರ ಪಾಠ ಮಾಡಲಿ. ಒಬ್ಬೊಬ್ಬ ಶಿಕ್ಷಕರು ಮೂರೂ ತರಗತಿಗಳಿಗೆ ಹಂಚಿಹೋದರೆ, ಯಾವ ಮಗು ಯಾಕೆ ಹಿಂದೆ ಬಿತ್ತು ಎಂದು ಕೂತು ಮಾತಾಡಲು ಅವರಿಗೆ ಜೊತೆಗಾರರೇ ಇರುವುದಿಲ್ಲ.

ಈ ನಾಲ್ವರಿಗೂ ದಿನಕ್ಕೊಂದು ಪೀರಿಯಡ್ ಒಟ್ಟಿಗೇ ಬಿಡುವಿರಬೇಕು. ಇಡೀ ವ್ಯವಸ್ಥೆ ನಿಂತಿರುವುದೇ ಅದರ ಮೇಲೆ. ಹೊಂದಿಸುವುದು ಹೀಗೆ: ಆಟ, ಸಂಗೀತ, ಚಿತ್ರಕಲೆ, ಕರಕುಶಲದ ನಾಲ್ವರು ಎರಡನೇ ಪೀರಿಯಡ್‌ನಲ್ಲಿ ಆರನೇ ತರಗತಿಯ ನಾಲ್ಕೂ ಸೆಕ್ಷನ್ ತೆಗೆದುಕೊಳ್ಳಲಿ; ನಾಲ್ಕನೆಯದರಲ್ಲಿ ಏಳನೆಯವರನ್ನು, ಆರನೆಯದರಲ್ಲಿ ಎಂಟನೆಯವರನ್ನು. ಪಟ್ಟಿಯಲ್ಲಿ ಮೊದಲು ಈ ಮೂರು ಪೀರಿಯಡ್ ತುಂಬಿ, ಉಳಿದ ಪಾಠಗಳು ಆಮೇಲೆ. ಕೊನೆಗೆ ನೋಡಿದರಾಯಿತು ಎಂದುಕೊಂಡರೆ ಅದು ಎಂದೂ ಹೊಂದುವುದಿಲ್ಲ. ರಜೆ ಹಾಕಿದವರ ಕ್ಲಾಸಿಗೆ ಈ ಹೊತ್ತಿನಲ್ಲಿ ಯಾರನ್ನೂ ಕಳಿಸಬೇಡಿ. ಕಳಿಸತೊಡಗಿದರೆ ಸ್ವಲ್ಪ ದಿನದಲ್ಲೇ ತಂಡವೆಂಬುದು ಕಾಗದದ ಮೇಲಷ್ಟೇ ಉಳಿಯುತ್ತದೆ.

ಆ ಹೊತ್ತಿಗೆ ಕೆಲಸ ಬೇಕಾದಷ್ಟಿದೆ. ಒಂದೇ ದಿನ ಎರಡು ಟೆಸ್ಟ್ ಬೀಳದಂತೆ ನೋಡಬೇಕು. ನಾಲ್ವರು ಕೊಟ್ಟ ಹೋಂವರ್ಕ್ ಕೂಡಿ ಎಷ್ಟಾಯಿತೆಂದು ಲೆಕ್ಕ ಹಾಕಬೇಕು. ಪ್ರಯೋಗಕ್ಕೆ ಎರಡು ಪೀರಿಯಡ್ ಬೇಕಾದರೆ ಯಾರು ಬಿಟ್ಟುಕೊಡುತ್ತಾರೆಂದು ತೀರ್ಮಾನಿಸಬೇಕು. ಎಲ್ಲ ಪಾಠಗಳಲ್ಲೂ ಏಕಾಏಕಿ ಮೌನವಾದ ಮಗು ಕಣ್ಣಿಗೆ ಬೀಳುವುದೂ ಇಲ್ಲಿಯೇ. ಒಬ್ಬರೇ ನೋಡಿದರೆ ಅದು ಸೋಮಾರಿತನದಂತೆ ಕಾಣಿಸುತ್ತದೆ. ನಕ್ಷೆ ಬರೆಯುವವರಿಗೆ ಒಂದು ಮಾತು ಹೇಳಿ: ತಂಡದ ನಾಲ್ಕು ಕೊಠಡಿಗಳೂ ಅಕ್ಕಪಕ್ಕ ಇರಲಿ.

ಪ್ರಶ್ನೆ: ಐದನೆಯವರೆಗೆ ಕೈ ಎತ್ತಿ ಉತ್ತರ ಹೇಳುತ್ತಿದ್ದ ಮಕ್ಕಳು ಏಳನೆಯ ಹೊತ್ತಿಗೆ ಬಾಯಿಯೇ ಬಿಡುವುದಿಲ್ಲ. ಇದು ವಯಸ್ಸಿನ ದೋಷವಲ್ಲವೇ?

ಉತ್ತರ: ವಯಸ್ಸಿನದು ಸ್ವಲ್ಪ, ಶಾಲೆಯದು ಹೆಚ್ಚು. ಅಮೆರಿಕದ ಮನೋವಿಜ್ಞಾನಿ ಜ್ಯಾಕ್ವೆಲಿನ್ ಎಕಲ್ಸ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಪ್ರಬಂಧ ಇದನ್ನು ಸ್ಪಷ್ಟವಾಗಿ ವಿವರಿಸಿತು. ಸ್ವಂತ ತೀರ್ಮಾನದ ಆಸೆ ಹುಟ್ಟುವ ಹೊತ್ತಿಗೇ ಶಾಲೆ ಹಿಡಿತ ಬಿಗಿ ಮಾಡುತ್ತದೆ. ಇತರರ ಕಣ್ಣಿಗೆ ತಾನು ಹೇಗೆ ಕಾಣುತ್ತೇನೆ ಎಂಬ ಅಳುಕು ಹೆಚ್ಚುವಾಗಲೇ ಹೋಲಿಕೆಯೂ ಹೆಚ್ಚುತ್ತದೆ. ಅಂಕಗಳನ್ನು ಗಟ್ಟಿಯಾಗಿ ಓದುವುದನ್ನು ನಾಳೆಯಿಂದಲೇ ನಿಲ್ಲಿಸಿ. ಪ್ರಶ್ನೆ ಕೇಳಿದ ಮೇಲೆ ಒಂದು ನಿಮಿಷ ಬರೆಯಲು ಬಿಡಿ, ಪಕ್ಕದವರೊಡನೆ ಮಾತಾಡಿಸಿ, ಆಮೇಲೆ ಉತ್ತರ ಕೇಳಿ. ಆರು ವಿಷಯ ಕೊಟ್ಟು ಎರಡು ಆರಿಸಿಕೊಳ್ಳಲು ಹೇಳಿ. ಆರಿಸಲು ಹೇಳಿ ಕೊನೆಗೆ ನೀವೇ ಬದಲಿಸಿದರೆ ಮಾತ್ರ ಕೇಳದೇ ಇದ್ದದ್ದಕ್ಕಿಂತ ಕೆಡುಕು.

ಪ್ರಶ್ನೆ: ‘ಒಂದು ಮಗುವಿಗೆ ಒಬ್ಬ ಮಾರ್ಗದರ್ಶಿ ಶಿಕ್ಷಕರು’ ಎಂಬ ಪದ್ಧತಿ ಶುರು ಮಾಡಿದೆವು. ಈಗ ಅದು ಹಾಜರಿ ಕರೆದು ಸೂಚನೆ ಓದುವ ಪೀರಿಯಡ್ ಆಗಿದೆ. ಎಲ್ಲಿ ತಪ್ಪಿತು?

ಉತ್ತರ: ಬಹುಶಃ ಗುಂಪು ದೊಡ್ಡದಾಯಿತು. 30 ಮಕ್ಕಳೆದುರು ಯಾರೂ ಮನಸ್ಸು ಬಿಚ್ಚುವುದಿಲ್ಲ. 12ರಿಂದ 15 ಮಿತಿ. ಅಷ್ಟು ಹಿರಿಯರಿಲ್ಲದಿದ್ದರೆ ಸೆಕ್ಷನ್ ಒಡೆದು ದಿನಬಿಟ್ಟು ದಿನ ಮಾಡಿ: ಇಂದು 15 ಮಕ್ಕಳು ಮಾರ್ಗದರ್ಶಿಯೊಡನೆ, ಉಳಿದ 15 ಗ್ರಂಥಾಲಯದಲ್ಲಿ. ಹೊತ್ತು 20ರಿಂದ 25 ನಿಮಿಷ. ವಾರಕ್ಕೆ ಒಂದು ಸರದಿ ಪೂರ್ತಿಯಾಗಿ ಒಬ್ಬೊಬ್ಬರೊಡನೆ ಮಾತಿಗೆ ಮೀಸಲಿಡಿ; ಉಳಿದವರು ಆಗ ತಮ್ಮ ವಾರದ ಕೆಲಸದ ಪಟ್ಟಿ ಬರೆದುಕೊಳ್ಳಲಿ. ಶಿಕ್ಷೆ ಕೊಡುವ ಕೆಲಸ ಮಾರ್ಗದರ್ಶಿಗೆ ಬೇಡವೇ ಬೇಡ. ಮಗುವಿಗಾಗಲಿ ಬೇರೆಯವರಿಗಾಗಲಿ ಅಪಾಯವಿದೆ ಎನಿಸುವ ಮಾತನ್ನು ಗುಟ್ಟಾಗಿಡಲಾಗದು ಎಂಬುದನ್ನು ಮೊದಲ ದಿನವೇ ಹೇಳಿಬಿಡಿ. ಆಮೇಲೆ ಹೇಳಿದರೆ ಮೋಸದಂತೆ ತೋರುತ್ತದೆ.

ಪ್ರಶ್ನೆ: ಡೆಸ್ಕು, ಕುರ್ಚಿ, ಶೌಚಾಲಯದ ಬಗ್ಗೆ ಏನು ಗಮನಿಸಬೇಕು?

ಉತ್ತರ: ಎತ್ತರದ ಓಟ ಹುಡುಗಿಯರಲ್ಲಿ ಸುಮಾರು 12ಕ್ಕೆ, ಹುಡುಗರಲ್ಲಿ ಸುಮಾರು 14ಕ್ಕೆ ತುತ್ತತುದಿ ಮುಟ್ಟುತ್ತದೆ, ಆ ವರ್ಷ 8ರಿಂದ 10 ಸೆಂಟಿಮೀಟರ್ ಬೆಳೆಯುವುದು ಸಾಮಾನ್ಯ. ಹಾಗಾಗಿ ಒಂದೇ ಕೊಠಡಿಗೆ ಕನಿಷ್ಠ ಮೂರು ಅಳತೆಯ ಡೆಸ್ಕ್ ಬೇಕು. ಪಾದ ಪೂರ್ತಿ ನೆಲಕ್ಕೆ ತಾಗಬೇಕು, ಮಂಡಿ ಲಂಬಕೋನದಲ್ಲಿರಬೇಕು, ಡೆಸ್ಕಿನ ಮಟ್ಟ ಮೊಣಕೈಗೆ ಸಮವಾಗಿರಬೇಕು. ಪ್ರತಿ ಟರ್ಮಿನ ಆರಂಭದಲ್ಲಿ ಮತ್ತೆ ನೋಡಿ ಬದಲಿಸಿ. ಕೈಕಾಲು ಮೊದಲು ಉದ್ದವಾಗಿ ಮುಂಡ ಆಮೇಲೆ ಬೆಳೆಯುವುದರಿಂದ ಈ ಮಕ್ಕಳು ಎಡವುತ್ತಾರೆ, ಸಾಮಾನು ಬೀಳಿಸುತ್ತಾರೆ. ಬೈಯಬೇಡಿ, ಬೆಂಚುಗಳ ನಡುವಿನ ದಾರಿ ಅಗಲ ಮಾಡಿ. 20 ನಿಮಿಷಕ್ಕೊಮ್ಮೆ ಎದ್ದು ಓಡಾಡುವ ಕೆಲಸವೊಂದನ್ನು ಪಾಠದೊಳಗೇ ಸೇರಿಸಿ.

ಮುಟ್ಟಿನ ಸಿದ್ಧತೆಯನ್ನು ಎಂಟನೇ ತರಗತಿಗೆಂದು ಕಾಯಿಸಬೇಡಿ; ಹುಡುಗಿಯರಲ್ಲಿ ಮೈನೆರೆಯುವಿಕೆಯ ಮೊದಲ ಲಕ್ಷಣಗಳು 8ರಿಂದ 13ರೊಳಗೆ ಯಾವಾಗ ಬೇಕಾದರೂ ಕಾಣಬಹುದು. ಒಳಗಿನಿಂದ ಹಾಕುವ ಚಿಲಕ, ಮುಚ್ಚಳವಿರುವ ಕಸದ ಡಬ್ಬಿ, ನೀರು, ಸೋಪು, ಯಾರನ್ನೂ ಕೇಳದೆ ತೆಗೆದುಕೊಳ್ಳಬಹುದಾದ ಪ್ಯಾಡ್ ಪ್ರತಿ ಶೌಚಾಲಯದಲ್ಲೂ ಇರಲಿ. ಪ್ಯಾಡನ್ನು ಆಫೀಸಿನ ಬೀರುವಿನಲ್ಲಿ ಇಟ್ಟರೆ, ಕೇಳಲು ನಾಚಿ ಮಗು ಶಾಲೆಗೇ ಬರುವುದಿಲ್ಲ.

ಪ್ರಶ್ನೆ: ಬೆಳಗಿನ ಮೊದಲ ಪೀರಿಯಡ್‌ನಲ್ಲಿ ತೂಕಡಿಸುತ್ತಾರೆ. ಮನೆಯವರಿಗೆ ಹೇಳಿಯೂ ಪ್ರಯೋಜನವಾಗಿಲ್ಲ.

ಉತ್ತರ: ಮೈನೆರೆಯುವ ವಯಸ್ಸಿನಲ್ಲಿ ನಿದ್ರೆ ತರುವ ಮೆಲಟೋನಿನ್ ರಾತ್ರಿ ತಡವಾಗಿ ಒಸರುತ್ತದೆ. ಬೇಗ ಮಲಗಿಸಿದರೂ ನಿದ್ರೆ ಹತ್ತುವುದಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲೇ ಈ ಮಕ್ಕಳ ಶಾಲೆ 8:30ಕ್ಕಿಂತ ಮೊದಲು ಬೇಡ ಎಂದು ಸಲಹೆ ಮಾಡಿತು. ನಿಮ್ಮಲ್ಲಿ ಸಮಯ ಬದಲಿಸಲಾಗದಿದ್ದರೆ ಟೆಸ್ಟುಗಳನ್ನು ಮೊದಲ ಪೀರಿಯಡ್‌ನಿಂದ ತೆಗೆಯಿರಿ, ಮೊದಲ ಪಾಠ ದಿನಕ್ಕೊಂದು ವಿಷಯದಂತೆ ಸುತ್ತಲಿ. ವರ್ಷವಿಡೀ ಗಣಿತವೇ ಮೊದಲಾದರೆ ತೂಕಡಿಕೆಯ ನಷ್ಟವೆಲ್ಲ ಅದೊಂದೇ ವಿಷಯಕ್ಕೆ ಬೀಳುತ್ತದೆ.